ಮೀನಿನ ತೊಟ್ಟಿ ತೊಳೆದ ಹುಡುಗ

ಗೋವಾದ ರಾಹುಲ್ ಆಲ್ವಾರೆಸ್ ಹತ್ತನೇ ತರಗತಿ ಪಾಸಾದ ಮೇಲೆ ಕಾಲೇಜಿನ ಬಾಗಿಲು ಬಡಿಯಲಿಲ್ಲ. 1995ರಿಂದ ಒಂದು ವರ್ಷ ಮೀನು, ಹಾವು, ಎರೆಹುಳ, ಜೇಡಗಳ ಹಿಂದೆ ಬಿದ್ದ. ಆ ವರ್ಷದ ಕಥೆಯನ್ನು ತಾನೇ ಬರೆದ. ಅದೇ ಮಾಪುಸಾದ ಅದರ್ ಇಂಡಿಯಾ ಪ್ರೆಸ್ ಪ್ರಕಟಿಸಿದ ‘ಫ್ರೀ ಫ್ರಂ ಸ್ಕೂಲ್’. ಮಕ್ಕಳನ್ನು ಮನೆಯಲ್ಲೇ ಓದಿಸುವ ಅಪ್ಪ ಅಮ್ಮಂದಿರು ಇದನ್ನು ಸ್ವಾತಂತ್ರ್ಯದ ಪುಸ್ತಕವೆಂದು ಮೆಚ್ಚುತ್ತಾರೆ. ನನಗೆ ಇದು ಹೊಣೆಗಾರಿಕೆಯ ಪುಸ್ತಕ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾವುಗಳಿಗಿಂತ ಮೊದಲು ಬರುವ ಪುಟಗಳು. ಊರಿನ ಅಲಂಕಾರ ಮೀನಿನ ಅಂಗಡಿಯಲ್ಲಿ ಹುಡುಗ ಕೆಲಸಕ್ಕೆ ನಿಲ್ಲುತ್ತಾನೆ. ತೊಟ್ಟಿ ತೊಳೆಯಬೇಕು, ನೀರು ಬದಲಿಸಬೇಕು. ಉದಾಸೀನ ಮಾಡಿದರೆ ಮೀನು ಸಾಯುತ್ತದೆ. ಅಂಕ ಕೊಡುವವರಿಲ್ಲ, ಗದರುವವರಿಲ್ಲ, ಆದರೂ ತಪ್ಪು ಮುಚ್ಚಿಡಲಾಗದು. ಹದಿಹರೆಯದವರಿಗೆ ಬೇಕಾದ್ದು ಇಂಥ ಕೆಲಸ. ಮುಂದೆ ಪುಣೆಯ ಹಾವಿನ ಉದ್ಯಾನ, ಮಾಮಲ್ಲಪುರದ ಬಳಿಯ ಮೊಸಳೆ ಬ್ಯಾಂಕ್, ಹಾವು ಹಿಡಿಯುವ ಇರುಳರ ಜೊತೆ ತಿರುಗಾಟ. ಬರವಣಿಗೆ ಸಾದಾ, ದಿನಚರಿಯ ಧಾಟಿ. ಅದೇ ಅದರ ಬಲ: ದೊಡ್ಡವರ ಉಪದೇಶ ನಡುವೆ ತಲೆಹಾಕುವುದಿಲ್ಲ.

ಕೊರತೆಯೂ ಇದೆ. ತಂದೆ ಕ್ಲಾಡ್ ಪರಿಸರ ಹೋರಾಟಗಾರರು, ತಾಯಿ ನಾರ್ಮಾ ವಕೀಲೆ. ಮಗನಿಗೆ ಎಷ್ಟೋ ಬಾಗಿಲು ತೆರೆದದ್ದು ಅವರ ಪರಿಚಯದಿಂದ. ಪುಸ್ತಕ ಇದನ್ನು ಮುಚ್ಚಿಡುವುದಿಲ್ಲ, ತೂಗಿಯೂ ನೋಡುವುದಿಲ್ಲ. ಅಂಥ ನಂಟಿಲ್ಲದ ಮನೆಯವರು ಪಕ್ಕದ ಬೀದಿಯ ಗ್ಯಾರೇಜು, ನರ್ಸರಿಗಳಲ್ಲಿ ತಾವೇ ಕೇಳಿಕೊಂಡು ಹೋಗಬೇಕು. ಆದರೆ ಈ ಅಪ್ಪ ಅಮ್ಮ ಬಾಗಿಲು ತೆರೆಸಿ ತಾವು ಹೊರಗೇ ಉಳಿದರಲ್ಲ, ಅದಕ್ಕೆ ಯಾರ ಪರಿಚಯವೂ ಬೇಕಿಲ್ಲ, ಎದೆಗಾರಿಕೆ ಸಾಕು.

ಆ ಎದೆಗಾರಿಕೆ ಎಲ್ಲ ಮನೆಗಳಲ್ಲೂ ಇರುವುದಿಲ್ಲ. ಮಗನನ್ನು ಮನೆಯಲ್ಲೇ ಓದಿಸುವ ಬೆಂಗಳೂರಿನ ಪರಿಚಿತರೊಬ್ಬರ ಮನೆಯಲ್ಲಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ ವೇಳಾಪಟ್ಟಿ ನೋಡಿದ್ದೆ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಒಂದೊಂದು ಗಂಟೆಗೂ ಒಂದೊಂದು ಬಣ್ಣ. ಅಕ್ಷರವೆಲ್ಲ ಅಮ್ಮನದು. ಶಾಲೆ ಬಿಡಿಸಿದ ಮೇಲೂ ಶಾಲೆ ಮನೆಗೆ ಬಂದು ಕೂತಿತ್ತು. ಇದು ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಮನೆಯಲ್ಲೇ ಓದಿಸುವ ಹೆಚ್ಚಿನವರು ನೆಚ್ಚುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಸಡಿಲಕ್ಕೆ ಜಾಗವಿದೆ. 14 ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು. ಪಟ್ಟಿಯಿಂದ ವಿಷಯ ಆರಿಸಿ, 5 ವರ್ಷಗಳಲ್ಲಿ 9 ಅವಕಾಶಗಳೊಳಗೆ ಒಂದೊಂದಾಗಿ ಮುಗಿಸಬಹುದು. ಯಾವ ವಿಷಯ, ಯಾವ ಸಲ ಎಂಬುದನ್ನಾದರೂ ಮಗನೇ ಕೂತು ಅರ್ಜಿಯಲ್ಲಿ ತುಂಬಲಿ. ಏಪ್ರಿಲ್‌ನಲ್ಲಿ ಒಂದು ವಿಷಯ ಕೈಕೊಟ್ಟರೆ ಅಕ್ಟೋಬರ್‌ನಲ್ಲಿ ಮತ್ತೆ ಬರೆಯುತ್ತಾನೆ.