ಜೋಕರನ ಸಿಟ್ಟು, ವಿಮರ್ಶಕರ ದಿಗಿಲು

2019ರಲ್ಲಿ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಪಡೆದ ಟಾಡ್ ಫಿಲಿಪ್ಸ್‌ರ ‘ಜೋಕರ್’ ಹಿಂಸೆಗೆ ಕುಮ್ಮಕ್ಕು ಕೊಡುತ್ತದೆಂದು ಅಮೆರಿಕದ ಹಲವು ವಿಮರ್ಶಕರು ದಿಗಿಲುಬಿದ್ದರು. ನೋಡುಗನಾದ ನನಗೆ ಈ ದಿಗಿಲಿನ ಮೇಲೇ ಅನುಮಾನ. ಕೋಟ್ಯಧೀಶ ಬ್ಯಾಟ್‌ಮನ್ ಕಾನೂನು ಮೀರಿ ಬಡಿದರೆ ಅದು ನ್ಯಾಯ. ಗತಿಗೆಟ್ಟವನು ತಿರುಗಿಬಿದ್ದರೆ ಮಾತ್ರ ಅಪಾಯವೆ?

ಆರ್ಥರ್‌ನ ಕೊಲೆಗಳನ್ನು ನಾನು ಒಪ್ಪುವುದಿಲ್ಲ. ಆದರೆ ನಗರಾಡಳಿತ ಹಣ ಕಡಿತ ಮಾಡಿದ್ದರಿಂದಲೇ ಅವನ ಔಷಧಿ ನಿಲ್ಲುತ್ತದೆ. ಕಚೇರಿ ಮುಚ್ಚುವ ಸುದ್ದಿ ಹೇಳುವವಳು ಒಬ್ಬ ಕಪ್ಪು ಹೆಂಗಸು, ಸರ್ಕಾರಿ ಸಮಾಜಕಾರ್ಯಕರ್ತೆ. ಮೇಲಿನವರಿಗೆ ನೀನೂ ಬೇಡ, ನಾನೂ ಬೇಡ ಅನ್ನೋ ಅರ್ಥದ ಮಾತಾಡ್ತಾಳೆ. ಸಿನಿಮಾ ಅವಳನ್ನು ಅಲ್ಲೇ ಕೈಬಿಟ್ಟು ಬಿಳಿಯನೊಬ್ಬನ ಸಿಟ್ಟಿನ ಹಿಂದೆ ಓಡುತ್ತದೆ.

ನನ್ನ ತಕರಾರು ಇಲ್ಲಿದೆ. ಇವರಿಬ್ಬರ ಸಿಟ್ಟು ಯಾಕೆ ಒಂದಾಗಲಿಲ್ಲ? ದಲಿತ ವಿಮರ್ಶೆ ಕೇಳಬೇಕಾದ ಪ್ರಶ್ನೆ ಇದು. ಸಂಘಟನೆಯಿಲ್ಲದ ಸಿಟ್ಟಿಗೆ ಸಿನಿಮಾ ಕೊಟ್ಟಿದ್ದು ಬರೀ ಮುಖವಾಡ.