ಕಬ್ಬಿನ ಬಿಲ್ಲಿನಲ್ಲಿ ಏಕಮಾನದ ಲೆಕ್ಕ

ಆರು ಡಬ್ಬಿ ಹಣ್ಣಿನ ರಸಕ್ಕೆ 210 ರೂಪಾಯಿ, ನಾಲ್ಕಕ್ಕೆ ಎಷ್ಟು? ಎನ್‌ಸಿಇಆರ್‌ಟಿಯ ಹಳೆಯ ಆರನೇ ತರಗತಿ ಗಣಿತ ಪುಸ್ತಕದ ಏಕಮಾನ ವಿಧಾನದ ಪಾಠದಲ್ಲಿ ಬರುವ ಲೆಕ್ಕವಿದು. ಒಂದಕ್ಕೆ 35, ನಾಲ್ಕಕ್ಕೆ 140. ಶೇಷವಿಲ್ಲ, ತಕರಾರೂ ಇಲ್ಲ. ವಿಧಾನ ಪರಿಚಯಿಸಲು ಇಷ್ಟು ಸಾಕು. ಆದರೆ ವಿ.ಸಿ. ನಾಲೆಯ ಕೊನೆ ಭಾಗದ ಮಳವಳ್ಳಿಯಲ್ಲಿ ಕಬ್ಬು ಬೆಳೆಯುವ ಮನೆಯ ಮಗುವಿಗೆ ಇದಕ್ಕಿಂತ ಗಟ್ಟಿಯಾದ ಲೆಕ್ಕ ಅಪ್ಪನ ಬಿಲ್ಲಿನಲ್ಲೇ ಇದೆ.

2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಎಫ್‌ಆರ್‌ಪಿ (ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರ) ಕ್ವಿಂಟಲ್‌ಗೆ 355 ರೂಪಾಯಿ. ಅದು ಶೇ 10.25 ಸಕ್ಕರೆ ಇಳುವರಿಗೆ. ಇಳುವರಿ ಶೇ 0.1 ಏರಿದಾಗೆಲ್ಲ 3.46 ರೂಪಾಯಿ ಜಾಸ್ತಿ, ಇಳಿದರೆ ಅಷ್ಟೇ ಖೋತಾ. ಈ 3.46 ಹುಟ್ಟಿದ್ದೆಲ್ಲಿ? 10.25 ಅಂದರೆ ನಾಲ್ಕನೇ ನಲವತ್ತೊಂದು. 355ನ್ನು ಅದರಿಂದ ಭಾಗಿಸಿದರೆ ಶೇ 1ರ ಬೆಲೆ 34.634, ಅದರ ಹತ್ತನೇ ಒಂದು ಭಾಗ 3.4634. ಅಪ್ಪಟ ಏಕಮಾನ ವಿಧಾನ, ಭಿನ್ನರಾಶಿ ಸಮೇತ.

ವಿಧಾನದ ದೌರ್ಬಲ್ಯ ಕಾಣುವುದೂ ಇಲ್ಲೇ. ಮೊದಲೇ ಭಾಗಿಸಿ 3.46ಕ್ಕೆ ಕತ್ತರಿಸಿದರೆ ಶೇ 11.25 ಇಳುವರಿಗೆ ಸಿಗುವುದು 389.60, ನೇರ ಅನುಪಾತದಲ್ಲಿ 389.63. ಮೂರು ಪೈಸೆಗೆ ಯಾರು ಜಗಳವಾಡುತ್ತಾರೆ? ಆದರೆ ಲಕ್ಷ ಟನ್ ಅರೆಯುವ ಕಾರ್ಖಾನೆಯ ಲೆಕ್ಕದಲ್ಲಿ ಅದು 34 ಸಾವಿರ ರೂಪಾಯಿ ದಾಟುತ್ತದೆ. (ಹಿಂದಿನ ಹಂಗಾಮಿನ 340 ರೂಪಾಯಿ ದರದಲ್ಲಿ 3.317ನ್ನು 3.32 ಮಾಡಿದ್ದರಿಂದ ಲಾಭ ರೈತನ ಕಡೆಗಿತ್ತು.) ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ವಿವರಿಸುವ ತ್ರೈರಾಶಿಕಕ್ಕೆ ಈ ತೊಡಕಿಲ್ಲ: ಫಲವನ್ನು (ಡಬ್ಬಿ ಲೆಕ್ಕದ 210) ಇಚ್ಛೆಯಿಂದ (4) ಗುಣಿಸಿ, ಕಡೆಗೆ ಪ್ರಮಾಣದಿಂದ (6) ಭಾಗಿಸುವುದು. ಅರೆ, ಕಾಲು ತುಂಬಿದ ಲೆಕ್ಕಕ್ಕೆ ಇದೇ ವಾಸಿ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ ನಾಡಿನ ಶಾಲೆಯಲ್ಲಿ ಎರಡೂ ದಾರಿಗಳನ್ನು ಎದುರುಬದುರು ಇಡಬಾರದೇಕೆ?

ಪುಸ್ತಕದ ದೊಡ್ಡ ಕೊರತೆ ಬೇರೆಯೇ. ಅನುಪಾತ ಎಲ್ಲಿ ನಿಲ್ಲುತ್ತದೆಂದು ಡಬ್ಬಿಯ ಲೆಕ್ಕ ಹೇಳುವುದಿಲ್ಲ. ಎಫ್‌ಆರ್‌ಪಿಯಲ್ಲಿ ಇಳುವರಿ ಶೇ 9.5ಕ್ಕಿಂತ ಕೆಳಗಿಳಿದರೆ ಕಡಿತ ನಿಲ್ಲುತ್ತದೆ, ದರ 329.05. ಶೇ 9ಕ್ಕೆ ಕಣ್ಣುಮುಚ್ಚಿ ಅನುಪಾತ ಹಾಕಿದ ಹುಡುಗನ ಉತ್ತರ 311.71. ಪರೀಕ್ಷೆಯಲ್ಲಿ ಅದಕ್ಕೆ ಪೂರ್ಣ ಅಂಕ ಬಂದೀತು. ಅಪ್ಪನಿಗೆ ಮಾತ್ರ ಟನ್‌ಗೆ 173 ರೂಪಾಯಿ ಕಮ್ಮಿ. ಕಟಾವು, ಸಾಗಣೆಯ ಲೆಕ್ಕ ಇನ್ನೂ ಶುರುವಾಗಿಲ್ಲ.