ಕೆಂಪು ತ್ರಿಕೋನದ ದೂರು: ಏಳು ಸಾಲು, ವ್ಯಾಖ್ಯಾನ ಸಹಿತ

ಗೋವೆಯ ಕುಡಚಡೆಯಲ್ಲಿ ಗ್ಯಾರೇಜಿಗೆ ಬರುವ ದೂರು ಕೊಂಕಣಿಯಲ್ಲೇ ಇರಬೇಕೆಂದಿಲ್ಲ. ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರ ಕನ್ನಡವೂ ಅಲ್ಲಿ ನಡೆಯುತ್ತದೆ. ಕೆಳಗಿನ ಏಳು ಸಾಲು ಯಾವುದೇ ಒಬ್ಬರ ದೂರಲ್ಲ. ಹಳೆಯ ಹೈಬ್ರಿಡ್ ಗಾಡಿ ಕೈಕೊಟ್ಟಾಗ ಜನ ಆಡುವ ಮಾತುಗಳನ್ನು ಪೋಣಿಸಿ ನಾನೇ ಕಟ್ಟಿದ್ದು. ಇಂಥ ದೂರಿನಲ್ಲಿ ಹೇಳುವವರ ಆತಂಕವೆಲ್ಲ ಕೊನೆಯ ಸಾಲಿನಲ್ಲಿರುತ್ತದೆ, ರೋಗದ ಸುಳಿವು ಮಾತ್ರ ಮೊದಲಿನ ಸಾಲುಗಳಲ್ಲೇ ಬಿದ್ದಿರುತ್ತದೆ.

“ಅಣ್ಣಾರ, ಗಾಡಿ 2014ರ ಕ್ಯಾಮ್ರಿ ಹೈಬ್ರಿಡ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು.”

ಮಾಡೆಲ್ ಹೆಸರು ಹೇಳಿದ್ದು ದೊಡ್ಡ ಉಪಕಾರ. ಬರೀ ‘ಹೈಬ್ರಿಡ್’ ಎಂದರೆ ಏನೂ ತಿಳಿಯುವುದಿಲ್ಲ. 2008ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿವಿಕ್ ಹೈಬ್ರಿಡ್ ಒಂದು ಬಗೆ, 2015ರ ಮಾರುತಿ ಸಿಯಾಜ್ ಎಸ್‌ಎಚ್‌ವಿಎಸ್ ಇನ್ನೊಂದು ಬಗೆ. 2010ರ ಪ್ರಿಯಸ್ ಮತ್ತು 2013ರಿಂದ ನಮ್ಮ ಬಿಡದಿಯಲ್ಲೇ ಜೋಡಣೆಯಾದ ಕ್ಯಾಮ್ರಿ ಮೂರನೆಯ ಬಗೆ. ಈ ಮೂರನೆಯದರಲ್ಲಿ ಸ್ಟಾರ್ಟರ್ ಮೋಟಾರೂ ಇಲ್ಲ, ಆಲ್ಟರ್ನೇಟರೂ ಇಲ್ಲ. ಇಂಜಿನ್ನನ್ನು ತಿರುಗಿಸಿ ಎಬ್ಬಿಸುವುದು ದೊಡ್ಡ ಬ್ಯಾಟರಿಯಿಂದ (ಕ್ಯಾಮ್ರಿಯಲ್ಲಿ ಅದು 244.8 ವೋಲ್ಟಿನದು) ನಡೆಯುವ ಮೋಟಾರು. ಆದರೆ ಆ ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯುವ ರಿಲೇಗಳು, ಎಲ್ಲ ಕಂಪ್ಯೂಟರುಗಳು, ಡ್ಯಾಶ್‌ಬೋರ್ಡು, ಇವೆಲ್ಲ ನಿಂತಿರುವುದು ಡಿಕ್ಕಿಯಲ್ಲಿರುವ ಸಾಮಾನ್ಯ 12 ವೋಲ್ಟಿನ ಸಣ್ಣ ಬ್ಯಾಟರಿಯ ಮೇಲೆ. ದೊಡ್ಡ ಮನೆಯ ಕೀಲಿ ಸಣ್ಣ ಹುಡುಗನ ಕೈಯಲ್ಲಿ ಕೊಟ್ಟಂತೆ.

‘ಸೆಕೆಂಡ್ ಹ್ಯಾಂಡ್’ ಎಂದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು: ಹಿಂದಿನ ಮಾಲೀಕರು ಸಣ್ಣ ಬ್ಯಾಟರಿ ಬದಲಿಸಿದ್ದರೆ ಯಾವ ಜಾತಿಯದನ್ನು ಹಾಕಿದ್ದಾರೆ? ಡಿಕ್ಕಿಯೊಳಗೆ ಕೂರುವ ಬ್ಯಾಟರಿಗೆ ಗಾಳಿ ಹೊರಹೋಗುವ ನಳಿಗೆ ಬೇಕು, ಎಜಿಎಂ ಜಾತಿಯದು ಬೇಕು. ಅಳತೆ ಕೂತಿತೆಂದು ಅಂಗಡಿಯ ಮಾಮೂಲಿ ಬ್ಯಾಟರಿ ಇಟ್ಟರೆ ಅದರ ಆವಿ ಗಾಡಿಯೊಳಗೇ ಸೇರುತ್ತದೆ.

“ಮಳಿಯಾಗ ಹದಿನೈದು ದಿವಸ ನಿಂತಿತ್ತು, ಊರಿಗೆ ಹೋಗಿದ್ವಿ.”

ನನ್ನ ಮಟ್ಟಿಗೆ ಇಡೀ ದೂರಿನ ಜೀವ ಇಲ್ಲಿದೆ. ವಾಸ್ಕೊ–ಲೋಂಡಾ ರೈಲು ಮಾರ್ಗದಲ್ಲಿರುವ ಊರು ಕುಡಚಡೆ. ಹುಬ್ಬಳ್ಳಿ ಕಡೆ ಹೋಗುವವರು ಗಾಡಿ ನಿಲ್ಲಿಸಿ ರೈಲು ಹತ್ತುವುದು ಸಹಜ. ನಿಂತ ಗಾಡಿಯೂ ಪೂರಾ ಮಲಗಿರುವುದಿಲ್ಲ. ಕಳ್ಳರ ಅಲಾರಂ, ಕೀಲಿಗಾಗಿ ಕಾದಿರುವ ಸ್ಮಾರ್ಟ್ ಕೀ ಯಂತ್ರ, ಕಂಪ್ಯೂಟರುಗಳ ನೆನಪು, ಎಲ್ಲವೂ ಸಣ್ಣ ಬ್ಯಾಟರಿಯನ್ನು ಹನಿಹನಿಯಾಗಿ ಹೀರುತ್ತವೆ. ಕೀಲಿಯನ್ನು ಗಾಡಿಯ ಹತ್ತಿರದ ಗೋಡೆಗೇ ತೂಗುಹಾಕಿದ್ದರೆ ಇನ್ನಷ್ಟು. ಹಾಗಿದ್ದರೂ ಆರೋಗ್ಯವಂತ ಬ್ಯಾಟರಿ ಹದಿನೈದು ದಿನಕ್ಕೆ ಸಾಯುವುದಿಲ್ಲ. ಸತ್ತಿತೆಂದರೆ ಅದು ಮೊದಲೇ ಮುದಿಯಾಗಿತ್ತು.

ಮುದಿಯಾದದ್ದು ಮಾಲೀಕರಿಗೆ ಏಕೆ ತಿಳಿಯಲಿಲ್ಲ? ಮಾಮೂಲಿ ಗಾಡಿಯಲ್ಲಿ ಬ್ಯಾಟರಿ ಸೋಲುವ ಮೊದಲು ಸ್ಟಾರ್ಟರ್ ಎಳೆದೆಳೆದು ತಿರುಗಿ ಮುನ್ಸೂಚನೆ ಕೊಡುತ್ತದೆ. ಕ್ಯಾಮ್ರಿಯ ಸಣ್ಣ ಬ್ಯಾಟರಿ ಇಂಜಿನ್ ತಿರುಗಿಸುವುದೇ ಇಲ್ಲವಲ್ಲ. ರಿಲೇ ಕೂರಿಸುವಷ್ಟು ಶಕ್ತಿ ಇರುವವರೆಗೆ ಗಾಡಿ ಠೀಕಾಗಿಯೇ ಹೊರಡುತ್ತದೆ, ಅದು ತಪ್ಪಿದ ದಿನ ಒಮ್ಮೆಲೇ ನಿಲ್ಲುತ್ತದೆ.

ಮಳೆಯನ್ನು ಆರನೆಯ ಸಾಲಿಗೆ ಎತ್ತಿಡೋಣ.

“ಬಂದು ಬಟನ್ ಒತ್ತಿದ್ರ ಎಲ್ಲಾ ಲೈಟ್ ಹತ್ತಿದ್ವು, ಆದ್ರ ಇಂಜಿನ್ ಸದ್ದಿಲ್ಲ.”

‘ಇಂಜಿನ್ ಸದ್ದಿಲ್ಲ’ ಎಂಬುದು ಇಲ್ಲಿ ಸಾಕ್ಷಿಯೇ ಅಲ್ಲ. ಹೈಬ್ರಿಡ್ ಸದ್ದಿಲ್ಲದೆಯೇ ಹೊರಡಲು ಸಿದ್ಧವಾಗುತ್ತದೆ. ನೋಡಬೇಕಾದದ್ದು ‘ರೆಡಿ’ ಎಂಬ ದೀಪ ಹತ್ತಿತೇ ಎಂದು. ಹತ್ತಿದ್ದರೆ ಗೇರ್ ಹಾಕಿ ಹೊರಟುಬಿಡಬಹುದು. ಹತ್ತದಿದ್ದರೆ ಎರಡು ಸಣ್ಣ ಅನುಮಾನ ತೀರಿಸಿಕೊಳ್ಳಿ. ಬ್ರೇಕ್ ತುಳಿಯದೆ ಬಟನ್ ಒತ್ತಿದರೆ ದೀಪಗಳಷ್ಟೇ ಹತ್ತುತ್ತವೆ. ತುಳಿದರೂ ಅದು ಗಾಡಿಗೆ ತಿಳಿಯಿತೇ ಎಂದು ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಲೈಟು ನೋಡಿಸಿ. ಕೀಲಿಯ ಗುಂಡಿ ಸೆಲ್ ಸೋತಿದ್ದರೆ ಕೀಲಿಯನ್ನೇ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿ.

ಎಬಿಎಸ್, ಸ್ಟೀರಿಂಗ್, ಬ್ರೇಕ್, ಮುಖ್ಯ ಎಚ್ಚರಿಕೆಯ ಕೆಂಪು ತ್ರಿಕೋನ, ಈ ದೀಪಗಳೆಲ್ಲ ಒಟ್ಟಿಗೆ ಹತ್ತಿದರೆ ಐದಾರು ಭಾಗ ಒಂದೇ ರಾತ್ರಿ ಕೆಟ್ಟವೆಂದು ನಂಬಬೇಡಿ. ಅಷ್ಟೂ ಕಂಪ್ಯೂಟರುಗಳಿಗೆ ಒಂದೇ ಕಡೆಯಿಂದ ಬರುವ ವೋಲ್ಟೇಜು ಕುಸಿದಿದೆ, ಒಂದರ ಮಾತು ಇನ್ನೊಂದಕ್ಕೆ ಕೇಳುತ್ತಿಲ್ಲ.

“ಒಳಗ ಟಕ್ ಟಕ್ ಅಂತಿತ್ತು.”

ರಿಲೇ ಕೂರಲು ಹೋಗಿ ಬಲ ಸಾಲದೆ ಏಳುವ ಸದ್ದು. ಮಲ್ಟಿಮೀಟರ್ ಹಿಡಿದರೆ ಅನುಮಾನ ಮುಗಿಯುತ್ತದೆ: ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಅರ್ಧ, 11.8ಕ್ಕಿಂತ ಕೆಳಗೆ ಬರಿದು. (ಸಿವಿಕ್ ಹೈಬ್ರಿಡ್ಡಿನಲ್ಲಿ ಸದ್ದಿನ ಅರ್ಥವೇ ಬೇರೆ. ಅದಕ್ಕೆ ಹಳೆಯ ಕಾಲದ ಸ್ಟಾರ್ಟರೂ ಇದೆ. ಮೆತ್ತಗೆ ಏಳುತ್ತಿದ್ದ ಇಂಜಿನ್ ಸೆಖೆಯ ದಿನವೂ ಕಿರಕಿರ ಎಂದೇ ಎದ್ದರೆ ದೊಡ್ಡ ಬ್ಯಾಟರಿಯ ಕಡೆ ನೋಡಬೇಕು.)

“ಟಿಪ್ಪರಿನವರು ಕೇಬಲ್ ತಂದ್ರು, ಆದ್ರ ಬ್ಯಾಟರಿ ಎಲ್ಲೇತಿ ಅಂತ ತಿಳೀಲಿಲ್ಲ, ಡಿಕ್ಕಿನೂ ತೆಗೀಲಿಲ್ಲ.”

ತೆಗೆಯದೇ ಇದ್ದದ್ದು ಪುಣ್ಯ. ಕುಡಚಡೆ, ಸಾಂವರ್ಡೆ ಎಂದರೆ ಅದಿರಿನ ಸೀಮೆ. 2012ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ಗಣಿ ನಿಂತರೂ ಇಲ್ಲಿ ಟಿಪ್ಪರಿಗೆ ಬರವಿಲ್ಲ, ಟಿಪ್ಪರಿನವರ ಒಳ್ಳೆಯತನಕ್ಕೂ ಬರವಿಲ್ಲ. ಆದರೆ ಟಿಪ್ಪರಿನದು 24 ವೋಲ್ಟ್. ಅದನ್ನು ಹಾಗೇ ಕ್ಯಾಮ್ರಿಗೆ ಕೊಟ್ಟರೆ ಕಂಪ್ಯೂಟರುಗಳು, ಆಲ್ಟರ್ನೇಟರಿನ ಬದಲು ಸಣ್ಣ ಬ್ಯಾಟರಿಯನ್ನು ತುಂಬಿಸುವ ಡಿಸಿ ಕನ್ವರ್ಟರು ಸುಟ್ಟುಹೋಗಬಹುದು. ಕೆಂಪು–ಕಪ್ಪು ಅದಲುಬದಲಾದರೂ ಅಷ್ಟೇ ನಷ್ಟ. 12 ವೋಲ್ಟಿನ ಸಣ್ಣ ಕಾರೊಂದು ಸಾಕು, ಏಕೆಂದರೆ ಇಲ್ಲಿ ಇಂಜಿನ್ ತಿರುಗಿಸುವ ಭಾರವಿಲ್ಲ, ಕಂಪ್ಯೂಟರುಗಳನ್ನು ಎಬ್ಬಿಸಿದರಾಯಿತು. ಕರೆಂಟಿಲ್ಲದೆ ಡಿಕ್ಕಿಯ ಬಟನ್ ಕೆಲಸ ಮಾಡುವುದಿಲ್ಲ. ಸ್ಮಾರ್ಟ್ ಕೀಯ ಹೊಟ್ಟೆಯಲ್ಲಿ ಲೋಹದ ಕೀಲಿಯೊಂದು ಅಡಗಿದೆ, ಅದರಿಂದ ಒಳಹೋಗಬೇಕು. ಕೆಲವು ಮಾಡೆಲ್‌ಗಳಲ್ಲಿ ಬಾನೆಟ್ಟಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲೇ ಜಂಪ್ ಕೊಡುವ ತುದಿ ಇರುತ್ತದೆ. ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳುವುದು ಮಳೆಗಾಲಕ್ಕೆ ಮುಂಚೆಯೇ ಮಾಡುವ ಕೆಲಸ.

“ಗೆಳ್ಯಾನ ಕಾರಿನಿಂದ ಕೊಟ್ಟ ಮ್ಯಾಲೆ ಚಾಲೂ ಆತು, ಕೆಂಪು ತ್ರಿಕೋನ ಹೋಗಲಿಲ್ಲ.”

ಈಗ ಬಹಳ ಜನ ಮಾಡುವುದೇನೆಂದರೆ ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಹಚ್ಚುವುದು. ತ್ರಿಕೋನ ಹೋಗಬಹುದು, ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಮೊದಲು ಕಂಪ್ಯೂಟರುಗಳಲ್ಲಿ ಉಳಿದ ದೋಷದ ಕೋಡ್ ಓದಿಸಿ, ಬರೆದಿಡಿ. ಅಗ್ಗದ ಸ್ಕ್ಯಾನರುಗಳು ಇಂಜಿನ್ನಿನದನ್ನಷ್ಟೇ ಓದುತ್ತವೆ; ಹೈಬ್ರಿಡ್ ಕಂಪ್ಯೂಟರಿನೊಳಗೆ ಹೋಗಬಲ್ಲದ್ದು ಬೇಕು. ವೋಲ್ಟೇಜು ಕುಸಿದಾಗ ಬಂದ ಕೋಡುಗಳ ಗುಂಪು ಹಳೆಯ ಕಥೆ, ಅಳಿಸಿದರೆ ಮರಳುವುದಿಲ್ಲ.

ಮರಳಿದರೆ ಎತ್ತಿಟ್ಟ ಮಳೆಯ ಮಾತಿಗೆ ಬರಬೇಕು. ಪಿ0ಎಎ6 ಎಂದು ಬಂದರೆ ದೊಡ್ಡ ಬ್ಯಾಟರಿಯ ಕಿತ್ತಳೆ ಬಣ್ಣದ ಕೇಬಲ್ಲುಗಳ ಜಾಲದಿಂದ ಗಾಡಿಯ ಮೈಗೆ ಕರೆಂಟು ಸೋರುತ್ತಿದೆ ಎಂದರ್ಥ. ಅದರ ಜೊತೆಗಿನ ಉಪಸಂಖ್ಯೆ ದಿಕ್ಕು ತೋರಿಸುತ್ತದೆ: 611 ಎಸಿ ಕಡೆ, 612 ಬ್ಯಾಟರಿ ಕಡೆ, 613 ಗೇರ್‌ಪೆಟ್ಟಿಗೆ ಕಡೆ. ಡಿಕ್ಕಿಯ ರಬ್ಬರು ಹಳತಾಗಿ ನೀರು ಇಳಿದಿದೆಯೇ ನೋಡಿ. ಇಂಥ ಗಾಡಿ ಓಡುತ್ತಿರುವಾಗ ಓಡುತ್ತದೆ, ಒಮ್ಮೆ ಆಫ್ ಮಾಡಿದರೆ ಮತ್ತೆ ‘ರೆಡಿ’ಗೆ ಬಾರದೇ ಹೋಗಬಹುದು, ಆದ್ದರಿಂದ ನಡುದಾರಿಯಲ್ಲಿ ಆಫ್ ಮಾಡಬೇಡಿ. ಕಿತ್ತಳೆ ಕೇಬಲ್ಲಿಗೆ ಮಾತ್ರ ತರಬೇತಿ ಇಲ್ಲದ ಕೈ ಬೇಡ. ಸರ್ವಿಸ್ ಪ್ಲಗ್ ಕಿತ್ತು, ಇನ್ವರ್ಟರಿನೊಳಗಿನ ಕೆಪಾಸಿಟರ್ ಇಳಿಯಲು ಹತ್ತು ನಿಮಿಷ ಕಾದು, ರಬ್ಬರ್ ಕೈಗವಸು ತೊಟ್ಟು ಮಾಡುವ ಕೆಲಸ ಅದು. ಪಿ0ಎ93 ಬಂದರೆ ಇನ್ವರ್ಟರಿನ ಕೂಲೆಂಟ್ ಪಂಪು ನೋಡಿ. ಅನ್ಮೋಡ ಘಾಟ ಹತ್ತುವಾಗ ತ್ರಿಕೋನ ಹತ್ತಿ, ಗಾಡಿ ತಣಿದ ಮೇಲೆ ಹೋಗುವ ಬಗೆ ಅದು.

“ಒಬ್ರು ದೊಡ್ಡ ಬ್ಯಾಟರಿ ಹೋಗೇತಿ ಅಂದ್ರು. ಏನ್ ಮಾಡೂದ್ರಿ?”

ಅಂದವರು ಅಳೆದು ಅಂದರೋ, ಕೆಂಪು ನೋಡಿ ಅಂದರೋ? ದೊಡ್ಡ ಬ್ಯಾಟರಿಯಲ್ಲಿ 7.2 ವೋಲ್ಟಿನ 34 ಮಾಡ್ಯೂಲುಗಳಿವೆ, ಕಂಪ್ಯೂಟರು ಅವನ್ನು ಎರಡೆರಡಾಗಿ 17 ಜೋಡಿಯಂತೆ ಅಳೆಯುತ್ತದೆ. ನಿಜವಾಗಿ ಸೋತಿದ್ದರೆ ಪಿ0ಎ80 ಬರುತ್ತದೆ. ಏರು ಹತ್ತುವಾಗ ಒಂದು ಜೋಡಿಯ ವೋಲ್ಟೇಜು ಉಳಿದವಕ್ಕಿಂತ ಕುಸಿದು, ಚಾರ್ಜಾಗುವಾಗ ಉಳಿದವಕ್ಕಿಂತ ಮೇಲೇರುತ್ತದೆ. ಆ ಹದಿನೇಳು ಅಂಕಿ ತೋರಿಸದೆ ದೊಡ್ಡ ಬ್ಯಾಟರಿ ಮಾರಲು ಬಂದವರಿಗೆ ದುಡ್ಡು ಕೊಡಬೇಡಿ. ಬ್ಯಾಟರಿ ತಣಿಸುವ ಫ್ಯಾನು ಗಾಡಿಯೊಳಗಿನ ಗಾಳಿಯನ್ನೇ ಎಳೆಯುತ್ತದೆ. ಅದಿರಿನ ಕೆಂಪು ಧೂಳಿನ ಊರಲ್ಲಿ ಅದರ ರೆಕ್ಕೆ, ಗಾಳಿಕಿಂಡಿ ಮೆತ್ತಿಕೊಂಡಿರುತ್ತದೆ. ಮೊದಲು ಅದನ್ನು ಬಿಚ್ಚಿ ತೊಳೆಯಲಿ.

ಹಾಗಾಗಿ ಮಾಡೂದು ಇಷ್ಟರೀ: ಕೋಡು ಬರೆದಿಡ್ರಿ. ಎಜಿಎಂ ಜಾತಿಯ ಹೊಸ ಸಣ್ಣ ಬ್ಯಾಟರಿ ಹಾಕಸ್ರಿ. ‘ರೆಡಿ’ಯೊಳಗ ಸಣ್ಣ ಬ್ಯಾಟರಿಗೆ 14ರ ಆಸುಪಾಸು ವೋಲ್ಟ್ ಬರ್ತದೇನು ನೋಡ್ರಿ, ಬರದಿದ್ರ ಡಿಸಿ ಕನ್ವರ್ಟರ್ ಮ್ಯಾಲೆ ಅನುಮಾನ. ಕೋಡ್ ಅಳಿಸಿ, ಘಾಟದ ಬುಡದ ಮೊಲ್ಲೆಮ್ ತನಕ ಹೋಗಿ ಬಂದು, ಮತ್ತೊಮ್ಮೆ ಓದಸ್ರಿ.